ಎರಡು ದಸರೆಗಳ ದಿವಾನರು

ಸಿ. ರಂಗಾಚಾರ್ಲು ಅವರು ಮೈಸೂರಿನ ದಿವಾನಗಿರಿಯಲ್ಲಿದ್ದುದು ಎರಡು ವರ್ಷಗಳೂ ತುಂಬಲಿಲ್ಲ. 1881ನೆಯ ಮಾರ್ಚಿ 25ರಂದು ಅಧಿಕಾರ ವಹಿಸಿಕೊಂಡವರು 1883ನೆಯ ಜನವರಿ 20ರಂದು ಮದರಾಸಿನಲ್ಲಿ ಕಾಲವಾದರು. ಅವರ ಹಿಂದೆಯೂ ಮುಂದೆಯೂ ದೀರ್ಘಕಾಲ ಆಳಿದ ದಿವಾನರುಂಟು. ಪೂರ್ಣಯ್ಯನವರು ಅಣೆಕಟ್ಟು ಸೇತುವೆಗಳನ್ನು ಬಿಟ್ಟುಹೋದರು. ಶೇಷಾದ್ರಿ ಅಯ್ಯರ್ ಅವರು ಶಿವನಸಮುದ್ರದ ವಿದ್ಯುತ್ತನ್ನು ಬಿಟ್ಟುಹೋದರು. ವಿಶ್ವೇಶ್ವರಯ್ಯನವರ ವಿಷಯವನ್ನು ಹೇಳಲೇಬೇಕಾಗಿಲ್ಲ. ರಂಗಾಚಾರ್ಲು ಅವರಿಂದ ನಮಗೆ ಕಣ್ಣಿಗೆ ಕಾಣುವಂತೆ ಉಳಿದುದು ಬಹಳ ಸ್ವಲ್ಪ. ಮೈಸೂರು ನಗರದಲ್ಲಿ ಅವರ ಹೆಸರಿನ ಪುರಭವನವೊಂದಿದೆ. ಅದೂ ಅವರು ತೀರಿಕೊಂಡ ಮೇಲೆ ಕಟ್ಟಿದ್ದು. ಹೀಗಿದ್ದರೂ ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯವನಾದ ನಾನು, ನಮ್ಮ ಸೀಮೆಯ ಇತಿಹಾಸದಲ್ಲಿ ಯಾವ ದಿವಾನರಿಗೆ ಮೊದಲ ಸ್ಥಾನ ಸಲ್ಲಬೇಕೆಂದು ಯಾರಾದರೂ ಕೇಳಿದರೆ, ಅನುಮಾನಿಸದೆ ಇವರ ಹೆಸರನ್ನೇ ಹೇಳುತ್ತೇನೆ. ಅದಕ್ಕೆ ಕಾರಣವನ್ನು ಹೇಳಬೇಕಾದರೆ ಅವರು ಹುಟ್ಟಿದ ವರ್ಷದಿಂದಲೇ ಕಥೆಯನ್ನು ಆರಂಭಿಸಬೇಕು.

ಅವರು ಹುಟ್ಟಿದುದು 1831ರಲ್ಲಿ, ಮದರಾಸು ಪ್ರಾಂತದ ಚೆಂಗಲ್ಪಟ್ಟು ಜಿಲ್ಲೆಯ ಒಂದು ಶ್ರೀವೈಷ್ಣವ ಕುಟುಂಬದಲ್ಲಿ. ಮೈಸೂರಿನವರಿಗೆ ಆ ವರ್ಷ ಮರೆಯುವಂತಹುದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಾಡಳಿತವು ಇಂಗ್ಲಿಷರ ಕೈಗೆ ಹೋದುದು ಆ ವರ್ಷದಲ್ಲಿಯೇ. ಹೋದುದಕ್ಕೆ ನಿಮಿತ್ತವಾದುದು ನಗರದ ದಂಗೆ. ಆ ದಂಗೆಯ ಬೆಂಕಿ ನಮ್ಮ ತರೀಕೆರೆಯ ಸುತ್ತ ಚೆನ್ನಾಗಿಯೇ ಉರಿಯಿತು. ಕಂದಾಯದ ವಸೂಲಿಯನ್ನು ಶರತ್ತಿನ ಮೇಲೆ ಅಮಲ್ದಾರರಿಗೆ ವಹಿಸುತ್ತಿದ್ದ ಕಾಲವದು. ಇಂತಿಷ್ಟು ಹಣವನ್ನು ತಂದೊಪ್ಪಿಸುತ್ತೇನೆಂದು ಒಪ್ಪಿಕೊಂಡ ಅಮಲ್ದಾರನು ಅದನ್ನು ರೈತನಿಂದ ಹೇಗೆ ಹಿಂಡಿದರೂ ಕೇಳುವವರಿರಲಿಲ್ಲ. ಕೇಳುವವರಿಲ್ಲದಿದ್ದಾಗ ರೈತರು ಮಾಡಿದುದು ಕೂಟ. ಹಳ್ಳಿಹಳ್ಳಿಯವರು ಒಂದೆಡೆ ಸೇರಿ, ಕಂದಾಯ ಕೊಡೆವೆಂದು ನಿಂತರು. ನಗರದ ಗದ್ದುಗೆಗೆ ಹಕ್ಕುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನು ಅವರ ಮುಂದಾಳಾದನು. ಹಳೆಯ ಅಧಿಕಾರವನ್ನು ಕಳೆದುಕೊಂಡಿದ್ದ ತರೀಕೆರೆಯ ಪಾಳೆಯಗಾರ ಮನೆತನದವರೂ ಅದರಲ್ಲಿ ಸೇರಿದರು. ಕೂಟವು ದಂಡಾಯಿತು, ದಂಡನ್ನು ಅಡಗಿಸಲು ಇಂಗ್ಲಿಷರ ಸೈನ್ಯ ಬಂದಿತು, ನೇಣುಗಳೂ ನಡೆದವು. ಎಲ್ಲ ಮುಗಿದ ಮೇಲೆ, 1833ರಲ್ಲಿ, ದಂಗೆಗೆ ಕಾರಣವೇನೆಂದು ವಿಚಾರಿಸಿ ಇಂಗ್ಲಿಷ್ ಅಧಿಕಾರಿಗಳ ಸಮಿತಿಯೊಂದು ವರದಿಯನ್ನು ಒಪ್ಪಿಸಿತು. ರೈತರ ಅಹವಾಲನ್ನು ಕೇಳುವುದಕ್ಕೆ ಇಷ್ಟೆಲ್ಲ ರಕ್ತ ಹರಿಯಬೇಕಾಯಿತೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದುಗರು ಮುಂದೆ ಬರಬೇಕು.

ರಂಗಾಚಾರ್ಲು ಅವರ ಬಾಲ್ಯ, ವಿದ್ಯಾಭ್ಯಾಸಗಳು ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಬೇಕಾಗಿಲ್ಲ. ಮದರಾಸಿನಲ್ಲಿ ಇಂಗ್ಲಿಷ್ ವಿದ್ಯೆಯನ್ನು ಕಲಿತು, ಚಿಕ್ಕ ವಯಸ್ಸಿನಲ್ಲಿಯೇ ಕಂಪೆನಿ ಸರ್ಕಾರದ ಕಂದಾಯದ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿದರು. ಇನಾಮು ಜಮೀನುಗಳ ಹಕ್ಕನ್ನು ಇತ್ಯರ್ಥಪಡಿಸಲು ನೇಮಕವಾದ ಇನಾಂ ಕಮಿಷನ್ನಿನಲ್ಲಿ ದುಡಿದುದೇ ಅವರಿಗೆ ನಿಜವಾದ ಪಾಠಶಾಲೆಯಾಯಿತೆಂದು ನನ್ನ ಅಭಿಪ್ರಾಯ. ಹಳೆಯ ಸನ್ನದು, ಹರಕು ಕಡತ, ಶಾನುಭೋಗನ ಲೆಕ್ಕ ಇವುಗಳ ನಡುವೆ ವರ್ಷಗಟ್ಟಲೆ ಕುಳಿತವನಿಗೆ, ಕಾಗದದಲ್ಲಿರುವ ಜಮೀನಿಗೂ ನೆಲದ ಮೇಲಿರುವ ಜಮೀನಿಗೂ ಇರುವ ಅಂತರ ತಿಳಿಯದೆ ಹೋಗದು. ಮುಂದೆ ಕಲ್ಲಿಕೋಟೆಯಲ್ಲಿ ಡೆಪ್ಯುಟಿ ಕಲೆಕ್ಟರಾಗಿದ್ದರು. ಅಲ್ಲಿಂದ ಅವರನ್ನು ಮೈಸೂರಿಗೆ ತಂದುದು ಒಂದು ಮರಣ.

1868ನೆಯ ಮಾರ್ಚಿಯಲ್ಲಿ ಮುಮ್ಮಡಿಯವರು ಸ್ವರ್ಗಸ್ಥರಾದರು. ಅರಮನೆಯ ಲೆಕ್ಕ ಬಿಡಿಸಲಾರದ ಗಂಟಾಗಿತ್ತು. ಸಾಲಗಾರರು ಬಾಗಿಲಲ್ಲಿ ನಿಂತಿದ್ದರು. ಆಭರಣ, ಆನೆ, ಕುದುರೆ, ಊಳಿಗದವರು ಯಾವುದಕ್ಕೂ ಸರಿಯಾದ ಪಟ್ಟಿಯಿರಲಿಲ್ಲ. ಇದನ್ನೆಲ್ಲ ಹವಣಿಸುವುದಕ್ಕೆ ರಂಗಾಚಾರ್ಲು ಅವರು ನೇಮಕಗೊಂಡರು. ಅವರು ಅರಮನೆಯ ನಿಯಾಮಕರಾಗಿ ಮಾಡಿದ ಕೆಲಸವು ಎಲ್ಲರಿಗೂ ಪ್ರಿಯವಾಗಿರಲಾರದು. ಮದರಾಸಿನಿಂದ ಬಂದ ತಮಿಳರೊಬ್ಬರು ಮೈಸೂರು ಅರಮನೆಯ ಉಗ್ರಾಣದ ಬೀಗದ ಕೈ ಹಿಡಿದರೆ ಸ್ಥಳೀಕರ ಮನಸ್ಸು ಹೇಗಿದ್ದೀತು? ಹೊರಗಿನವರು, ನಮ್ಮವರು ಎಂಬ ಜಗಳ ಮೈಸೂರಿನ ಅಧಿಕಾರಿವರ್ಗದಲ್ಲಿ ಮುಂದೆ ದಶಕಗಳ ಕಾಲ ಹೊಗೆಯಾಡಿತು. ಆ ಹೊಗೆಯ ಒಂದು ಮೂಲ ಇಲ್ಲಿದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಅದೇ ಹೊರಗಿನ ಮನುಷ್ಯ 1874ರಲ್ಲಿ ಒಂದು ಕೆಲಸ ಮಾಡಿದರು. ಮೈಸೂರಿನಲ್ಲಿ ಇಂಗ್ಲಿಷರ ಆಡಳಿತವನ್ನು ಕುರಿತು, ತಮ್ಮ ಹೆಸರನ್ನು ಹಾಕದೆ, ತಾವು ಮೈಸೂರಿನ ನಿವಾಸಿಯೆಂದಷ್ಟೇ ಸೂಚಿಸಿ, ಲಂಡನ್ನಿನಲ್ಲಿ ಒಂದು ಕಿರುಹೊತ್ತಗೆಯನ್ನು ಅಚ್ಚು ಮಾಡಿಸಿದರು. ದೇಶೀಯರಿಗೆ ಅಧಿಕಾರ ಕೊಡದೆ ದುಬಾರಿ ಸಂಬಳದ ಐರೋಪ್ಯರನ್ನೇ ತುಂಬುತ್ತಿರುವ ಈ ಆಡಳಿತವು ದೇಶದ ಶಕ್ತಿಗೆ ಮೀರಿದುದೆಂಬುದು ಅದರ ತಿರುಳು. ಸರ್ಕಾರದ ಅನ್ನವನ್ನು ಉಣ್ಣುತ್ತಿದ್ದ ಅಧಿಕಾರಿಯೊಬ್ಬರು ಆ ಕಾಲದಲ್ಲಿ ಹೀಗೆ ಬರೆಯುವುದು ಸಣ್ಣ ಧೈರ್ಯವಲ್ಲ. ಎರಡೇ ವರ್ಷಗಳಲ್ಲಿ ಕಾಲವೇ ಅವರ ಮಾತಿಗೆ ಭೀಕರವಾದ ಟೀಕೆಯನ್ನು ಬರೆಯಿತು.

1876ರಿಂದ 78ರವರೆಗಿನ ಕ್ಷಾಮದ ವಿಷಯವನ್ನು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದ ರೀತಿಯೇ ಬೇರೆ. ಅದನ್ನು ಅವರೂ ಕಂಡವರಲ್ಲ. ತಮ್ಮ ಹಿರಿಯರಿಂದ ಕೇಳಿದವರು. ಆದರೂ ಧ್ವನಿ ತಗ್ಗಿಸಿಯೇ ಹೇಳುತ್ತಿದ್ದರು. ಬಾಬಾಬುಡನ್ ಗಿರಿಗಳ ಪಶ್ಚಿಮದಲ್ಲಿ ಮಳೆ ಸುರಿದರೂ ಮಗ್ಗುಲಲ್ಲಿರುವ ಕಡೂರು ಬಯಲಿನ ಮೇಲೆ ಮೋಡ ಹಾದುಹೋಗುವುದೇ ಹೆಚ್ಚು. ತರೀಕೆರೆ ಮಲೆನಾಡಿನ ಹೊಸ್ತಿಲು. ಅಲ್ಲಿ ಅಡಕೆಯ ತೋಟವುಂಟು. ಅಜ್ಜಂಪುರದ್ದು ಹತ್ತಿ ಬೆಳೆಯುವ ಎರೆಯ ಭೂಮಿ. ಕಡೂರಿನ ರಾಗಿಯ ಹೊಲವು ಆಕಾಶವನ್ನೇ ನಂಬಿದುದು. ಇಡೀ ಸಂಸ್ಥಾನದ ಲೆಕ್ಕವನ್ನು ನೋಡಿದರೆ, 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಬೊಕ್ಕಸದಲ್ಲಿದ್ದ ಹಣವೆಲ್ಲ ಕರಗಿ, ಮೇಲೆ 80 ಲಕ್ಷ ರೂಪಾಯಿಗಳ ಸಾಲ ಬೆಳೆದಿತ್ತು.

ಇಂತಹ ರಾಜ್ಯವನ್ನು ಇಂಗ್ಲಿಷರು 1881ರಲ್ಲಿ ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ರಂಗಾಚಾರ್ಲು ದಿವಾನರಾದರು. ಐವತ್ತು ವರ್ಷಗಳ ಹಿಂದೆ ಅವರು ಹುಟ್ಟಿದ ವರ್ಷದಲ್ಲಿ ಕೈಬಿಟ್ಟ ಆಡಳಿತವು ಅವರ ಕೈಗೇ ಬಂದಿತು. ಕೊಡುವಾಗ ಇಂಗ್ಲಿಷ್ ಸರ್ಕಾರವು ಉದಾರವಾಗಿ ಕೊಡಲಿಲ್ಲ. ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಕರಾರನ್ನೂ ಮಾಡಿಕೊಂಡಿತು. ಬರದಿಂದ ಬೆಂದ ರಾಜ್ಯವೆಂದು ಹೆಚ್ಚಳದ ವಸೂಲಿಯನ್ನು ಕೆಲವು ವರ್ಷ ಮುಂದೂಡಿದುದೇ ಕೃಪೆ.

ಹೊಸ ದಿವಾನರು ಮೊದಲು ಕತ್ತರಿ ಹಿಡಿದರು. ಎಂಟು ಜಿಲ್ಲೆಗಳನ್ನು ಆರಕ್ಕಿಳಿಸಿದರು. ಹಾಸನ, ಚಿತ್ರದುರ್ಗಗಳು ಬರಿಯ ಉಪವಿಭಾಗಗಳಾದವು. ಕಚೇರಿಗಳು, ನ್ಯಾಯಸ್ಥಾನಗಳು, ಸೆರೆಮನೆಗಳು ಮುಚ್ಚಿದವು. ನಮ್ಮ ಕಡೂರು ಜಿಲ್ಲೆಯು ಈ ಕತ್ತರಿಯಿಂದ ತಪ್ಪಿಸಿಕೊಂಡಿತು. ಅದರ ಹೆಸರೇ ಒಂದು ವಿನೋದ. ಜಿಲ್ಲೆಯ ಕಚೇರಿ 1865ರಲ್ಲಿಯೇ ಚಿಕ್ಕಮಗಳೂರಿಗೆ ಹೋಗಿದ್ದರೂ ಹೆಸರು ಮಾತ್ರ ಬಹುಕಾಲ ಕಡೂರಿನದೇ ಉಳಿಯಿತು. ಊರಿಗೆ ಹೆಸರು, ಪಕ್ಕದೂರಿಗೆ ಅಧಿಕಾರ! ಈ ಮಿತವ್ಯಯವೆಲ್ಲ ಸರಿಯಾದುದೇ ಎಂದು ನಾನು ಹೇಳಲಾರೆ. ಹಾಸನ, ಚಿತ್ರದುರ್ಗಗಳನ್ನು ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮತ್ತೆ ಜಿಲ್ಲೆಗಳನ್ನಾಗಿ ಮಾಡಬೇಕಾಯಿತು. ರಂಗಾಚಾರ್ಲು ಅವರಿಗೆ ಅಂಕಿಗಳ ಮೇಲೆ ಇದ್ದ ಪ್ರೀತಿ ಕೆಲವೊಮ್ಮೆ ದೂರವನ್ನು ಮರೆಸುತ್ತಿತ್ತೆಂದು ತೋರುತ್ತದೆ. ಕಚೇರಿಯೊಂದು ಮುಚ್ಚಿದರೆ ಉಳಿತಾಯ ಸರ್ಕಾರದ್ದು, ನಡಿಗೆ ರೈತನದ್ದು.

ಆದರೆ ಕೈಯಲ್ಲಿ ಕತ್ತರಿ ಹಿಡಿದಿದ್ದಾಗಲೇ ಅವರು ಮತ್ತೊಂದನ್ನು ಯೋಚಿಸಿದರು. ಅದಕ್ಕಾಗಿಯೇ ಈ ಲೇಖನ. 1881ನೆಯ ಆಗಸ್ಟ್ 25ರಂದು ಮಹಾರಾಜರ ಹೆಸರಿನಲ್ಲಿ ಒಂದು ಆಜ್ಞೆ ಹೊರಟಿತು. ಸರ್ಕಾರದ ಉದ್ದೇಶಗಳೇನು, ಅದು ಮಾಡುತ್ತಿರುವುದೇನು ಎಂಬುದು ಪ್ರಜೆಗಳಿಗೆ ತಿಳಿಯಬೇಕು. ಪ್ರಜೆಗಳಿಗೆ ಬೇಕಾದುದೇನು ಎಂಬುದು ಸರ್ಕಾರಕ್ಕೆ ತಿಳಿಯಬೇಕು. ಅದಕ್ಕಾಗಿ ವರ್ಷಕ್ಕೊಮ್ಮೆ ದಸರೆಯ ಕಾಲದಲ್ಲಿ ಸಂಸ್ಥಾನದ ಎಲ್ಲ ಕಡೆಗಳಿಂದ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಬೇಕು. ಆಜ್ಞೆಯ ಭಾವವಿಷ್ಟು. ಪ್ರತಿ ತಾಲ್ಲೂಕಿನಿಂದ ಜಮೀನುಳ್ಳ, ತಿಳಿವಳಿಕೆಯುಳ್ಳ ರೈತರು ಒಬ್ಬರೋ ಇಬ್ಬರೋ, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು: ಇವರನ್ನು ಲೋಕಲ್ ಫಂಡ್ ಬೋರ್ಡುಗಳು ಆರಿಸಿ ಕಳುಹಿಸಬೇಕಾಗಿತ್ತು. ಕಡೂರಿಗೆ ಸ್ಥಾನ, ತರೀಕೆರೆಗೆ ಸ್ಥಾನ. ಅಜ್ಜಂಪುರವು ಆಗ ತರೀಕೆರೆಯ ತಾಲ್ಲೂಕಿಗೆ ಸೇರಿದ್ದುದರಿಂದ ಅದರ ಕಷ್ಟಸುಖ ತರೀಕೆರೆಯವರ ಬಾಯಿಂದಲೇ ಬರಬೇಕಾಗಿತ್ತು. ಅಜ್ಜಂಪುರವು ಪ್ರತ್ಯೇಕ ತಾಲ್ಲೂಕಾದುದು ಈ ಶತಮಾನದಲ್ಲಿ.

ಆ ಮೊದಲ ದಸರೆಗೆ ಹೊರಟ ರೈತನನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಬೆಂಗಳೂರು-ಮೈಸೂರಿನ ರೈಲುಹಾದಿಯೇ ಅಂದಿಗೆ ಪೂರ್ತಿಯಾಗಿರಲಿಲ್ಲ. ನಮ್ಮ ಕಡೆಗೆ ಹಳಿಯ ಸುದ್ದಿಯೂ ಇಲ್ಲ. ತರೀಕೆರೆಯಿಂದ ಮೈಸೂರಿಗೆ ನೂರು ಮೈಲಿಗೂ ಮಿಗಿಲಾದ ದಾರಿ. ಎತ್ತಿನ ಗಾಡಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ವಾರ. ರಾಗಿಯ ಪೈರು ಹೊಲದಲ್ಲಿರುವ ಕಾಲ. ಮನೆಯವರು ಬುತ್ತಿ ಕಟ್ಟಿರಬೇಕು. ಅಮಲ್ದಾರನ ಕಚೇರಿಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು ಅಭ್ಯಾಸವಾದ ಮನುಷ್ಯನಿಗೆ ದಿವಾನರ ಎದುರಿಗೆ ಕುರ್ಚಿಯಲ್ಲಿ ಕುಳಿತು ಮಾತನಾಡಬೇಕೆಂದರೆ, ಅದೂ ಆ ಅಮಲ್ದಾರನ ಮೇಲಿನ ದೂರನ್ನೇ ಆಡಬೇಕೆಂದರೆ, ನಾಲಗೆ ಏಳುವುದು ಸುಲಭವೇ? ಅವನ ತಾತನ ಕಾಲದಲ್ಲಿ ಕೂಟಕ್ಕೆ ಹೋದವರು ಹಿಂದಿರುಗಿದುದೇ ಭಾಗ್ಯವಾಗಿತ್ತು. ಈಗ ಕೂಟಕ್ಕೆ ಬಾ ಎಂದು ಸರ್ಕಾರವೇ ಓಲೆ ಕಳುಹಿಸಿದೆ! ಇದರಲ್ಲೇನೋ ಮರ್ಮವಿರಬೇಕು, ಹೊಸ ತೆರಿಗೆಯೊಂದು ಬರುತ್ತದೆ ಎಂದು ಊರಿನಲ್ಲಿ ಯಾರೂ ಅಂದಿರಲಾರರೆಂದು ನನಗನ್ನಿಸುವುದಿಲ್ಲ.

1881ನೆಯ ಅಕ್ಟೋಬರ್ 7ರಂದು ಸಭೆ ಸೇರಿತು. ಬಂದವರು 144 ಮಂದಿ. ರಂಗಾಚಾರ್ಲು ಅವರು ಅಧ್ಯಕ್ಷಸ್ಥಾನದಲ್ಲಿದ್ದು ಆಡಳಿತದ ವರದಿಯನ್ನು ಸಭೆಯ ಮುಂದಿಟ್ಟರು. ಬೊಕ್ಕಸದ ಸ್ಥಿತಿ, ಕ್ಷಾಮದ ಸಾಲ, ರೈಲುಹಾದಿ, ರಸ್ತೆಗಳು ಹೀಗೆ ಒಂದೊಂದಾಗಿ. ನಾವು ಈಗ ಇದನ್ನು ಸಾಮಾನ್ಯವೆಂದು ಓದುತ್ತೇವೆ. ಆದರೆ ಬೊಕ್ಕಸದಲ್ಲಿ ಹಣವೆಷ್ಟಿದೆ, ಸಾಲವೆಷ್ಟಿದೆ ಎಂಬುದನ್ನು ಕಂದಾಯ ಕೊಡುವವನಿಗೆ ಹೇಳಿದ ಆಳ್ವಿಕೆ ದೇಶೀಯ ಸಂಸ್ಥಾನಗಳಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಕಾಂಗ್ರೆಸ್ ಮಹಾಸಭೆ ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದವು. ರಿಪ್ಪನ್ ಪ್ರಭುಗಳ ಸ್ಥಳೀಯ ಸ್ವರಾಜ್ಯದ ನಿರ್ಣಯ ಹೊರಟುದು ಮರುವರ್ಷ. ವರದಿಯ ನಂತರ ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಹೇಳಿದರು.

ಈ ಸಭೆಯ ನಡವಳಿಕೆಯ ಪುಸ್ತಕಗಳನ್ನು ತಿರುವಿ ಹಾಕುವುದು ಮೊದಲಿಗೆ ಬೇಸರದ ಕೆಲಸ. ವರ್ಷವರ್ಷವೂ ಅದೇ ಮಾತು: ಕೆರೆಯ ಕೋಡಿ ಒಡೆದಿದೆ, ರಸ್ತೆಗೆ ಮೋರಿಯಿಲ್ಲ, ಕಾಡಿನ ಕಾವಲುಗಾರರು ಸೌದೆಗೂ ಸೊಪ್ಪಿಗೂ ಅಡ್ಡ ಬರುತ್ತಾರೆ, ಅಮೃತಮಹಲಿನ ಕಾವಲಿನಲ್ಲಿ ಊರ ದನಕ್ಕೆ ಮೇವಿಲ್ಲ. ನಮ್ಮ ಸೀಮೆಯನ್ನು ಬಲ್ಲವನಿಗೆ ಈ ಕಡೆಯ ಮಾತೊಂದೇ ಸಾಕು, ಪುಟ ಜೀವಂತವಾಗುತ್ತದೆ. ಅಜ್ಜಂಪುರದ ಸುತ್ತ ಅಮೃತಮಹಲ್ ದನಗಳಿಗೆಂದು ಮೀಸಲಾದ ಹುಲ್ಲುಗಾವಲುಗಳು ಮೊದಲಿನಿಂದಲೂ ಉಂಟು. ಚಿಕ್ಕದೇವರಾಯರ ಬೆಣ್ಣೆಚಾವಡಿಯಿಂದ ಬೆಳೆದು, ಟಿಪ್ಪುವಿನಿಂದ ಈ ಹೆಸರನ್ನು ಪಡೆದು, ಫಿರಂಗಿ ಎಳೆಯುವ ಎತ್ತುಗಳಿಗಾಗಿ ಇಂಗ್ಲಿಷರ ಕೈಯಲ್ಲಿದ್ದ ಈ ತಳಿಯು ಮೈಸೂರು ಸರ್ಕಾರದ ವಶಕ್ಕೆ ಬಂದುದು ರಂಗಾಚಾರ್ಲು ಅವರ ಕಾಲದಲ್ಲಿಯೇ, 1882ರಲ್ಲಿ. ಸರ್ಕಾರದ ಎತ್ತು ಮೇಯುವ ಹುಲ್ಲನ್ನು ರೈತನ ಎತ್ತು ಬೇಲಿಯಾಚೆಯಿಂದ ನೋಡಬೇಕು. ಅದೇ ಎತ್ತು ದುಡಿದ ಹಣದಿಂದ ಕಂದಾಯ ಸಲ್ಲಬೇಕು. ಈ ವಿಷಯವನ್ನು ಹೇಳುವುದಕ್ಕೆ ಒಂದು ಸ್ಥಳ, ಕೇಳುವುದಕ್ಕೆ ಒಬ್ಬ ದಿವಾನ, ಬರೆದಿಡುವುದಕ್ಕೆ ಒಂದು ಪುಸ್ತಕ ದೊರೆತವು. ಹೇಳಿದುದೆಲ್ಲ ನಡೆಯಿತೆಂದಲ್ಲ, ಎಷ್ಟೋ ಅಹವಾಲುಗಳಿಗೆ ಸರ್ಕಾರವು ಪರಿಶೀಲಿಸುವುದೆಂಬ ಉತ್ತರವೇ ಗತಿಯಾಯಿತು. ಆದರೆ ಪರಿಶೀಲಿಸುವೆನೆಂದು ಅಚ್ಚಿನಲ್ಲಿ ಹೇಳಿದ ಸರ್ಕಾರವನ್ನು ಮರುವರ್ಷ ಅದೇ ರೈತ ಮತ್ತೆ ಕೇಳಬಹುದು. ಹೀಗೆ ಮತ್ತೆ ಕೇಳುವ ಹಕ್ಕೇ ಆ ಸಭೆಯ ಜೀವವೆಂದು ನಾನು ಭಾವಿಸಿದ್ದೇನೆ.

ಅದರ ಕೊರತೆಗಳನ್ನೂ ಹೇಳದಿದ್ದರೆ ಅನ್ಯಾಯವಾದೀತು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆಯವ್ಯಯವನ್ನು ಮಂಜೂರು ಮಾಡುವ, ತಳ್ಳಿಹಾಕುವ ಅಧಿಕಾರವೂ ಇರಲಿಲ್ಲ. ಪ್ರತಿನಿಧಿಗಳನ್ನು ಆರಿಸುತ್ತಿದ್ದ ಬೋರ್ಡುಗಳಲ್ಲಿ ಅಧಿಕಾರಿಗಳ ಮಾತೇ ನಡೆಯುತ್ತಿದ್ದುದರಿಂದ, ಅಮಲ್ದಾರನಿಗೆ ಒಲ್ಲದವನು ಮೈಸೂರಿಗೆ ಹೋಗುವುದು ಕಷ್ಟವಾಗಿತ್ತು. ಗೇಣಿಯ ಒಕ್ಕಲು, ಕೂಲಿಯವನು, ತೋಟದ ಆಳು, ಊರ ಹೊರಗಿನ ಕೇರಿಯವನು, ಹೆಂಗಸು: ಇವರಾರ ಕಡೆಯಿಂದಲೂ ಅಲ್ಲಿ ಯಾರೂ ಕುಳಿತಿರಲಿಲ್ಲ. ಕೂಟದಲ್ಲಿ ಕೂಗಿದವರಲ್ಲಿ ಬಡವರೂ ಇದ್ದರು. ಸಭೆಯಲ್ಲಿ ಕುಳಿತವರಲ್ಲಿ ಅವರಿರಲಿಲ್ಲ. ದಸರೆಯ ವೈಭವಕ್ಕೆ ಇದೂ ಒಂದು ಅಲಂಕಾರವೆಂದು ನಕ್ಕವರಿಗೆ ಆಧಾರವೇ ಇರಲಿಲ್ಲವೆಂದು ಹೇಳಲಾಗದು.

ರಂಗಾಚಾರ್ಲು ಅವರು ಈ ಕೊರತೆಗಳನ್ನು ಅರಿಯದವರಲ್ಲ. ಈ ಸಭೆಯು ಮೊದಲ ಹೆಜ್ಜೆಯೆಂದೂ, ಸ್ಥಳೀಯ ಬೋರ್ಡುಗಳು ಬಲಿತಂತೆ ಜನರೇ ಆರಿಸಿದವರು ಬರುವಂತಾಗಬೇಕೆಂದೂ ಅವರ ಅಭಿಪ್ರಾಯವಾಗಿತ್ತು. 1882ರ ದಸರೆಯಲ್ಲಿ, ತಮ್ಮ ಎರಡನೆಯ ಸಭೆಯಲ್ಲಿ, ಅವರು ಲೆಕ್ಕದ ವರದಿಯನ್ನು ದಾಟಿ ದೂರ ನೋಡಿದರು. ದೇಶವು ಬೇಸಾಯವೊಂದನ್ನೇ ನಂಬಿ ಬದುಕಲಾರದು, ಉಗಿಯಂತ್ರ, ಕೈಗಾರಿಕೆ, ರೈಲುಗಳು ಬೇರೆ ದೇಶಗಳ ಬಾಳನ್ನು ಬದಲಾಯಿಸಿವೆ, ಅವು ನಮ್ಮಲ್ಲಿಯೂ ಬೆಳೆಯಬೇಕು ಎಂಬ ಆಶಯವನ್ನು ಬಹಳ ವಿಸ್ತಾರವಾಗಿ ವಿವರಿಸಿದರು. ಬರ ಕಂಡು ನಾಲ್ಕು ವರ್ಷವಾಗಿದ್ದ ರೈತರ ಮುಂದೆ ಈ ಮಾತು. ಕೇಳಿದವರಲ್ಲಿ ಎಷ್ಟು ಮಂದಿಗೆ ಅದು ಹಿಡಿಸಿತೋ! ಮೂರು ದಶಕಗಳ ಬಳಿಕ ವಿಶ್ವೇಶ್ವರಯ್ಯನವರ ಬಾಯಲ್ಲಿ ಮೈಸೂರು ಕೇಳಿದುದು ಬಹುಮಟ್ಟಿಗೆ ಇದೇ ಪಾಠ.

ಆ ದಸರೆ ಕಳೆದು ನಾಲ್ಕು ತಿಂಗಳೊಳಗೆ, ಐವತ್ತೆರಡನೆಯ ವಯಸ್ಸಿನ ಆಸುಪಾಸಿನಲ್ಲಿ, ಅವರು ತೀರಿಕೊಂಡರು. ಕಟ್ಟಿದವನು ಹೋದರೆ ಕಟ್ಟಡವೂ ಹೋಗುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಎರಡೇ ಸಲ ಸೇರಿದ್ದ ಸಭೆ. ಅದಕ್ಕೆ ಶಾಸನದ ಬೆಂಬಲವಿಲ್ಲ. ಬೇಡವೆಂದರೆ ಮತ್ತೊಂದು ಆಜ್ಞೆಯ ಒಂದು ಸಾಲು ಸಾಕಾಗಿತ್ತು. ಶೇಷಾದ್ರಿ ಅಯ್ಯರ್ ಅವರು ಹಾಗೆ ಮಾಡಲಿಲ್ಲ. ಅವರಿಗೆ ಅದರ ಟೀಕೆಗಳು ಎಷ್ಟೋ ಸಲ ಕಹಿಯಾಗಿದ್ದಿರಬೇಕಾದರೂ ಮಾಡಲಿಲ್ಲ. 1891ರಲ್ಲಿ ಗೊತ್ತಾದಷ್ಟು ಕಂದಾಯ ಕೊಡುವವರಿಗೂ ಪದವೀಧರರಿಗೂ ಪ್ರತಿನಿಧಿಗಳನ್ನು ಚುನಾಯಿಸುವ ಹಕ್ಕು ಬಂದಿತು. 1907ರಲ್ಲಿ ಕಾನೂನುಗಳನ್ನು ಚರ್ಚಿಸಲು ನ್ಯಾಯವಿಧಾಯಕ ಸಭೆ ಬೇರೆಯಾಗಿ ಹುಟ್ಟಿತು. 1917ರಿಂದ ಪ್ರಜಾಪ್ರತಿನಿಧಿ ಸಭೆಯು ದಸರೆಯಲ್ಲಲ್ಲದೆ ಮಹಾರಾಜರ ವರ್ಧಂತಿಯ ಕಾಲದಲ್ಲಿಯೂ ಸೇರತೊಡಗಿತು. 1923ರಲ್ಲಿ ಅದಕ್ಕೆ ಶಾಸನದ ನೆಲೆ ದೊರೆಯಿತು. 1949ರಲ್ಲಿ ಸಭೆಯು ಕೊನೆಗೊಂಡು, 1952ರಲ್ಲಿ ವಯಸ್ಕರೆಲ್ಲರ ಮತದಿಂದ 99 ಸದಸ್ಯರ ವಿಧಾನಸಭೆ ಬಂದಿತು. ಕೇರಿಯವನೂ ಹೆಂಗಸೂ ತೋಟದ ಆಳೂ ಕಡೂರಿನಲ್ಲಿ, ತರೀಕೆರೆಯಲ್ಲಿ ಸರತಿಯಲ್ಲಿ ನಿಂತು ಮತ ಹಾಕಿದರು. ಮೊದಲ ಸಭೆಗೂ ಆ ಸರತಿಗೂ ನಡುವೆ ಎಪ್ಪತ್ತು ವರ್ಷ ಹಿಡಿಯಿತು.

ರಂಗಾಚಾರ್ಲು ಅವರ ಕಾಲದಲ್ಲಿ ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟಿದ್ದ ರೈಲುಹಾದಿಯು 1884ರಲ್ಲಿ ಗುಬ್ಬಿಯನ್ನು ಮುಟ್ಟಿ, 1889ರಲ್ಲಿ ಹರಿಹರಕ್ಕೆ ತಲುಪಿತು. ಕಡೂರು, ಬೀರೂರು, ಅಜ್ಜಂಪುರಗಳು ಆ ಹಾದಿಯ ಮೇಲಿನ ನಿಲ್ದಾಣಗಳಾದವು. ಅಲ್ಲಿಂದೀಚೆಗೆ ಆ ಕಡೆಯ ಪ್ರತಿನಿಧಿಯು ಗಾಡಿಯ ವಾರದ ಪ್ರಯಾಣವನ್ನು ಬಿಟ್ಟು, ಬೆಂಗಳೂರಿನ ಮೇಲೆ ಹಾದು, ರೈಲಿನಲ್ಲಿಯೇ ದಸರೆಯ ಸಭೆಗೆ ಹೋಗಬಹುದಾಯಿತು. ತರೀಕೆರೆಯವನು ಮಾತ್ರ, ಶಿವಮೊಗ್ಗದ ಕವಲುಹಾದಿ ಬರುವವರೆಗೆ, 1899ರ ತನಕ, ಬೀರೂರಿಗೆ ಗಾಡಿ ಕಟ್ಟಬೇಕಾಗಿತ್ತು.